ಚಿತ್ರದ ಬೆನ್ನಿಗಿಟ್ಟ ವಿಭೂತಿ

ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಕ್ಯಾತ್ಸಂದ್ರದ ಷಡಕ್ಷರಿ ಒಂದು ಚಿತ್ರದ ಬೆನ್ನಿಗೆ ವಿಭೂತಿ ಇಡುತ್ತಿದ್ದರು. ನಲವತ್ತೊಂದು ವರ್ಷಗಳಿಂದ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಅವರದು. ಹಿಂಬದಿ ಮುಚ್ಚುವ ಮೊದಲು ವಿಭೂತಿಗೆ ಒಂದು ಹನಿ ನೀರು ಬೆರೆಸಿ, ಚಿತ್ರದ ಬೆನ್ನಿನ ಬಲ ಅಂಚಿಗೆ ಒಂದು ಬೊಟ್ಟು ಇಡುವುದು ರೂಢಿ. ಅಂಗಡಿಗೆ ಬರುವುದೆಲ್ಲ ದೇವರು, ಸ್ವಾಮಿಗಳು, ಇಲ್ಲವೇ ತೀರಿಕೊಂಡವರು. ಮೂವರಿಗೂ ವಿಭೂತಿ ಸಲ್ಲುತ್ತದೆ ಎಂಬುದು ಅವರ ನಂಬಿಕೆ.

ಅಂದು ಕೈಯಲ್ಲಿದ್ದದ್ದು ಫೋಟೋ ಅಲ್ಲ, ಕುಣಿಗಲ್ ಕಡೆಯ ಒಂದು ಬಂಗಲೆಯ ತೋಟದ ಜಲವರ್ಣ ಚಿತ್ರ. ನೂರು ವರ್ಷ ದಾಟಿದ ಕಾಗದ. ಬಂಗಲೆಯ ದೊರೆಸಾನಿ ತೋಟದ ಮಾಲಿಯನ್ನೂ ಸೇರಿಸಿ ಬರೆದು, ಅವನಿಗೇ ಕೊಟ್ಟು ಹೋಗಿದ್ದಳಂತೆ. ಆ ಮಾಲಿಯ ಮೊಮ್ಮಗಳು ದಾಕ್ಷಾಯಣಮ್ಮ, ಗುಬ್ಬಿಯ ನಿವೃತ್ತ ಶಿಕ್ಷಕಿ. ಅವರಿಗೂ ಅವರ ತಂಗಿಗೂ ಬೇಕಾಗಿದ್ದ ಒಂದೇ ಚಿತ್ರವನ್ನು ಹರಿದು ಹಂಚಿಕೊಳ್ಳಲಾಗದೆ ಬೆಂಗಳೂರಿನ ಹರಾಜಿಗೆ ಕೊಡುತ್ತಿದ್ದರು. ಹಳೆಯ ಕಟ್ಟಿಗೆ ಗೆದ್ದಲು ಹಿಡಿದಿತ್ತು. ಹೊಸ ಕಟ್ಟು ಹಾಕಿದ ಮೇಲೆ ಹನ್ನೊಂದಕ್ಕೆ ಹರಾಜು ಕಂಪನಿಯವರು ಬಂದು ಪರೀಕ್ಷಿಸುವುದಿತ್ತು.

ಷಡಕ್ಷರಿ ಚಿತ್ರ ತಿರುಗಿಸಿದರು. ನೀರು ಈಚೆಗೆ ಇಳಿದಿತ್ತು. ಎಡ ಅಂಚಿನ ಗಿಡಗಳ ಹಸಿರು ಕದಡಿ ದುಂಡನೆಯ ಕಲೆಯಾಗಿತ್ತು. ಫ್ಯಾನಿನ ಕೆಳಗೆ ಹಿಡಿದರು. ಕಲೆ ಒಣಗಿತು, ಹೋಗಲಿಲ್ಲ. ಸ್ಕೇಲ್ ಇಟ್ಟು ಅಳೆದರು. ಮತ್ತೆ ಅಳೆದರು.

ಪಕ್ಕದಲ್ಲಿ ಹೂ ಮಾರುವ ಪುಟ್ಟಗಂಗಮ್ಮ ಇಣುಕಿದರು. “ಏನಣ್ಣಾ, ಗಾಳಿ ಹೊಡ್ದೋನಂಗೆ ನಿಂತಿದ್ದೀಯ?”

ಷಡಕ್ಷರಿ ಕಲೆ ತೋರಿಸಿದರು.

“ಇಷ್ಟಕ್ಕಾ? ಸುತ್ತ ಕೂರಿಸ್ತೀಯಲ್ಲ ರಟ್ಟು, ಅದನ್ನೇ ಮುಂದಕ್ಕೆ ತಂದು ಮುಚ್ಚಾಕು ಬುಡು.”

“ಹರಾಜಿನವ್ರು ಭೂತಗನ್ನಡಿ ತರ್ತಾರೆ ಕಣಮ್ಮ.”

“ರಟ್ಟಿನೊಳಗೆ ನೋಡೋ ಭೂತಗನ್ನಡಿ ಇನ್ನೂ ಬಂದಿಲ್ಲ ಬುಡಣ್ಣ.”

ಷಡಕ್ಷರಿ ಹೊಸ ರಟ್ಟು ಕತ್ತರಿಸಿದರು, ಎಡಗಡೆ ಒಂದು ಸೆಂಟಿಮೀಟರ್ ಹೆಚ್ಚು. ಕಲೆ ಮರೆಯಾಯಿತು. ಎರಡು ಸಲ ಕೈ ತೊಳೆದು ಕೂತರು. ರಸ್ತೆಯಲ್ಲಿ ಕಾರು ನಿಂತಾಗಲೆಲ್ಲ ಎದ್ದರು.

ಹರಾಜು ಕಂಪನಿಯ ಕಿರಣ್‌ಕುಮಾರ್ ದಾಕ್ಷಾಯಣಮ್ಮನ ಜೊತೆ ಬಂದು, ಭೂತಗನ್ನಡಿ ಹಿಡಿದು ಮೂಲೆ ಮೂಲೆ ನೋಡಿದರು. “ಚೆನ್ನಾಗಿದೆ ಮೇಡಂ. ಕಲೆ ಇಲ್ಲ ಅಂತ ಬರ್ಕೋತೀನಿ.”

ಷಡಕ್ಷರಿ ನೆಲ ನೋಡುತ್ತಿದ್ದರು. ದಾಕ್ಷಾಯಣಮ್ಮ ಬಗ್ಗಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಷಡಕ್ಷರಪ್ಪ, ನಮ್ಮಜ್ಜ ಇಲ್ಲಿ ನಿಂತಿದ್ದಾನಲ್ಲ, ನೀರಿನ ಡಬ್ಬ ಹಿಡ್ಕೊಂಡಿರೋ ಕೈ ಎಲ್ಲಪ್ಪ? ಕಾಣ್ತಾನೇ ಇಲ್ಲ.” ಸ್ವಲ್ಪ ಹೊತ್ತು ಹುಡುಕಿ ಸೋತ ದನಿಯಲ್ಲಿ ಹೇಳಿದರು: “ಪೊರೆ ಆಪರೇಷನ್ ಆಗಿ ಆರು ತಿಂಗ್ಳೂ ಆಗಿಲ್ಲ. ಈ ಕಣ್ಣೂ ಹೋಯ್ತೋ ಏನೋ.”

ಅವರು ತನ್ನನ್ನು ಶಂಕಿಸಬಹುದೆಂದು ಷಡಕ್ಷರಿ ಹೆದರಿದ್ದರು. ತಮ್ಮ ಕಣ್ಣನ್ನೇ ಶಂಕಿಸುತ್ತಾರೆಂದು ಎಣಿಸಿರಲಿಲ್ಲ.

“ಕಣ್ಣು ಸರ್ಯಾಗೈತೆ ತಾಯಿ. ಕೈ ಮುಚ್ಚಿದ್ದು ನಾನು.”

ಕಟ್ಟು ಬಿಚ್ಚಿ ರಟ್ಟು ಎತ್ತಿದರು. ಅಜ್ಜನ ಕೈ, ಡಬ್ಬ, ಪಕ್ಕದಲ್ಲೇ ಕಲೆ. ನಡೆದದ್ದನ್ನೆಲ್ಲ ಹೇಳಿದರು.

“ಬೆಲೆ ಇಳಿಯುತ್ತೆ,” ಎಂದರು ಕಿರಣ್‌ಕುಮಾರ್.

ದಾಕ್ಷಾಯಣಮ್ಮ ಮತ್ತೆ ಬಗ್ಗಿ ಅಜ್ಜನ ಕೈ ನೋಡಿದರು. “ಹೊಟ್ಟೆ ಉರಿಯುತ್ತೆ ಕಣಪ್ಪ. ಆದ್ರೂ ಹಳೇ ಅಳತೆಗೇ ಕಟ್ಟು ಹಾಕು. ಯಾರ ಮನೆಗೆ ಹೋದ್ರೂ ಅಜ್ಜನಿಗೆ ಕೈ ಇರ್ಲಿ.”

ಕಿರಣ್‌ಕುಮಾರ್ ಪೆನ್ನು ತೆಗೆದರು. “ಕಲೆ ಎಷ್ಟಿದೆ ಬರೀಬೇಕು. ಸ್ಕೇಲ್ ಕೊಡಿ.”

ಷಡಕ್ಷರಿಗೆ ಸ್ಕೇಲ್ ಬೇಕಿರಲಿಲ್ಲ.

ಈಗಲೂ ಅವರು ವಿಭೂತಿ ಇಡುತ್ತಾರೆ, ನೀರು ಬೆರೆಸದೆ, ಕಟ್ಟಿನ ಮರಕ್ಕೆ. ಹರಾಜಿನ ಪುಸ್ತಕದ ಆ ಹಾಳೆ ಅವರ ಮೇಜಿನ ಗಾಜಿನ ಕೆಳಗಿದೆ. ಚಿತ್ರದ ವಿವರದ ಕೊನೆಯ ಸಾಲು ಎಡ ಅಂಚಿನ ನೀರಿನ ಕಲೆಯದು. ಅಂದು ಅವರು ಬಾಯಿಬಿಟ್ಟು ಹೇಳಿದ ಅಳತೆಯೇ ಅಲ್ಲಿ ಅಚ್ಚಾಗಿದೆ: ಆರು ಮಿಲಿಮೀಟರ್.