ಭಟ್ಟಿಯಂಗಳದ ಸಭೆ

ದಾವಣಗೆರೆಯ ವಿದ್ಯಾನಗರದಲ್ಲಿ ಶಾಂತಲಾ ಮತ್ತು ಅವಳ ಗಂಡ ವಿಜಯಕುಮಾರ್ ಒಂದು ಫ್ಲೆಕ್ಸ್ ಅಂಗಡಿ ನಡೆಸುತ್ತಾರೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲ ಬರುತ್ತವೆ. ಆದರೆ ಅಂಗಡಿಯ ಅನ್ನ ಹುಟ್ಟುವುದು ರಾಜಕೀಯದವರ ಶುಭಾಶಯಗಳಿಂದ. ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರ ಮುಖ ಯಾರ ಪಕ್ಕ ಬರಬಾರದು ಎಂಬುದು ಶಾಂತಲಾಗೆ ಬಾಯಿಪಾಠ. ಹರಿಹರದಲ್ಲಿ ಹುಟ್ಟಿ ಬೆಳೆದ ಹೆಂಗಸು, ಹೆಚ್ಚು ಮಾತಿಲ್ಲ. ತಲೆಗೆ ಹತ್ತಿದ್ದನ್ನು ಮಾತ್ರ ಸುಲಭಕ್ಕೆ ಬಿಡುವವಳಲ್ಲ.

ಹೋದ ವರ್ಷ ಅವಳ ತಲೆಗೆ ಹತ್ತಿದ್ದು ಒಂದು ಸಭೆ. ಯಾವುದೋ ಸಂಸ್ಥೆಗೆ ಚಾರ್ಟು ಮುಟ್ಟಿಸಲು ಧಾರವಾಡಕ್ಕೆ ಹೋಗಿದ್ದಾಗ ಅಂಥದ್ದನ್ನು ಮೊದಲ ಸಲ ನೋಡಿದಳು. ವೇದಿಕೆ ಇರಲಿಲ್ಲ, ಮುಖ್ಯ ಅತಿಥಿ ಇರಲಿಲ್ಲ. ಬಂದವರು ತಮಗೆ ಬೇಕಾದ ವಿಷಯವನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಆ ವಿಷಯ ಯಾರಿಗೆ ಬೇಕೋ ಅವರು ಆ ಹಾಳೆಯ ಕೆಳಗೆ ಜಮಖಾನೆ ಹಾಸಿಕೊಂಡು ಕೂರುತ್ತಿದ್ದರು. ಅಧಿಕಾರಿಯೂ ಅದೇ ಜಮಖಾನೆಯ ಮೇಲೆ. ಇದನ್ನು ಅನ್‌ಕಾನ್ಫರೆನ್ಸ್ ಅನ್ನುತ್ತಾರೆ ಎಂದು ಯಾರೋ ಹೇಳಿದರು. ಶಾಂತಲಾ ಅದಕ್ಕೆ ಗೋಡೆ ಸಭೆ ಎಂದು ಹೆಸರಿಟ್ಟುಕೊಂಡಳು. ತಮ್ಮ ಬೀದಿಯ ನಲ್ಲಿಯ ಬಗ್ಗೆ ಕೇಳಲು ವಾರ್ಡ್ ಸಭೆಯಲ್ಲಿ ಎದ್ದುನಿಂತು, ಮೈಕು ಸಿಗದೆ ಕೂತವಳು ಅವಳು. ಕಸ, ನೀರು, ಚರಂಡಿ, ಬೀದಿದೀಪ ಇವನ್ನೆಲ್ಲ ಇನ್ನೂ ಚೆನ್ನಾಗಿ ನಡೆಸುವ ದಾರಿ ಜನರಿಗೇ ಹೊಳೆಯಬಹುದು, ಹೇಳಲು ಜಾಗ ಬೇಕಷ್ಟೆ ಎಂದು ಅವಳಿಗೆ ಅನ್ನಿಸಿತು.

ತಿಂಗಳುಗಟ್ಟಲೆ ಓಡಾಡಿದಳು. ಒಬ್ಬರು ಅಕ್ಕಿ ಕೊಟ್ಟರು, ಒಬ್ಬರು ಜಮಖಾನೆ. ಕರೂರು ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನವರು ದಾವಣಗೆರೆಗೂ ಹರಿಹರಕ್ಕೂ ನಡುವೆ ಜನರನ್ನು ಕರೆತರುವ ಬಸ್ಸಿನ ಖರ್ಚು ತಮ್ಮದು ಎಂದರು. ಕೊನೆಗೆ ಮಲೆಬೆನ್ನೂರಿನ ರೈಸ್‌ಮಿಲ್ ಸಾಹುಕಾರ ಬಕ್ಕೇಶಪ್ಪನವರು ಹರಿಹರದ ತಮ್ಮ ಕಲ್ಯಾಣ ಮಂಟಪವನ್ನೂ ಊಟವನ್ನೂ ಕೊಡುತ್ತೇನೆಂದಾಗ ಎಲ್ಲರೂ ನಿರಾಳರಾದರು. ಸಭೆ ಹರಿಹರದಲ್ಲಿ, ಭಾನುವಾರ ಎಂದು ಗೊತ್ತಾಯಿತು.

ಅದಕ್ಕೆ ಮುಂಚಿನ ಗುರುವಾರ ಬಕ್ಕೇಶಪ್ಪನವರು ಅವಳನ್ನು ಮನೆಗೆ ಕರೆಸಿದರು.

"ಕೂಡ್ರಮ್ಮ, ಚಾ ತಗೊಳ್ರಿ. ಸಭೆಗೆ ನಂದೇನೂ ಅಡ್ಡಿ ಇಲ್ಲ. ಒಂದೇ ಮಾತು, ಆ ಹಳ್ಳದ ವಿಷಯ ಅಲ್ಲಿ ಬರಬಾರ್ದು."

ಯಾವ ಹಳ್ಳವೆಂದು ಅವಳಿಗೆ ಗೊತ್ತಿತ್ತು. ಹರಿಹರದಲ್ಲಿ ಅವರ ಅಳಿಯ ಮಾಡಿದ ಹೊಸ ಬಡಾವಣೆಯ ಹಿಂದೆ ಹಳ್ಳ ಕಿರಿದಾಗಿ, ಹೋದ ಮಳೆಗಾಲದಲ್ಲಿ ಕೆಳಗಿನ ಓಣಿಯ ಮನೆಗಳಿಗೆ ನೀರು ನುಗ್ಗಿತ್ತು.

"ಏನೇನು ಬರ್ತೈತೆ ಅಂತ ನಂಗೇ ಗೊತ್ತಿಲ್ಲ ಸಾವ್ಕಾರ್ರೇ. ಬಂದೋರು ಬರೀತಾರೆ."

"ಬರೆದ್ರೆ ಕಿತ್ತು ಹಾಕ್ರಿ. ಹಾಳೆ ತಾನೆ?"

"ಅದು ಆಗಲ್ರಿ."

ಬಕ್ಕೇಶಪ್ಪನವರು ದನಿ ಏರಿಸಲಿಲ್ಲ. "ಯೋಚನೆ ಮಾಡಿ ಹೇಳ್ರಿ. ನಿಮ್ಮ ಅಂಗಡೀಗೆ ನಮ್ಮ ಕಡೆ ಕೆಲಸ ಬಾಳ ಬರ್ತೈತೆ."

"ಯೋಚನೆ ಮಾಡೇ ಹೇಳಿದೆ" ಎಂದಳು ಶಾಂತಲಾ. ಚಹಾ ಹಾಗೇ ಇಟ್ಟು ಎದ್ದು ಬಂದಳು.

ಅವಳು ದಾವಣಗೆರೆ ಮುಟ್ಟುವಷ್ಟರಲ್ಲಿ ಮಂಟಪದ ಮ್ಯಾನೇಜರ್ ಫೋನ್ ಮಾಡಿದ್ದ. ಭಾನುವಾರ ಬೇರೆ ಕಾರ್ಯಕ್ರಮವಿದೆಯಂತೆ. ವಿಜಯಕುಮಾರ್ ಮಷಿನ್ ನಿಲ್ಲಿಸಿ ನಡೆದದ್ದನ್ನೆಲ್ಲ ಕೇಳಿಸಿಕೊಂಡ.

"ನನ್ನನ್ನ ಒಂದ್ ಮಾತು ಕೇಳಬಹುದಿತ್ತು. ಎಲೆಕ್ಷನ್ ಬಂದ್ರೆ ಅರ್ಧ ಕೆಲಸ ಅವರ ಕಡೆಯೋರದೇ. ಮಷಿನ್ ಹುಡುಗರಿಗೆ ನಾನೇನು ಹೇಳ್ಲಿ?"

"ಕೇಳೋವಷ್ಟು ಹೊತ್ತು ಇರಲಿಲ್ರಿ."

"ಹೂಂ ಅಂದು ಬಂದಿದ್ರೆ ಆಗ್ತಿತ್ತು. ಯಾರು ಬರೀತಿದ್ರೋ, ಯಾರು ಬಿಡ್ತಿದ್ರೋ."

ಅವನು ಮತ್ತೆ ಮಷಿನ್ ಶುರು ಮಾಡಿದ.

ಶುಕ್ರವಾರವೆಲ್ಲ ಶಾಂತಲಾ ಸ್ಕೂಟರಿನಲ್ಲಿ ಜಾಗ ಹುಡುಕಿದಳು. ಒಂದು ಶಾಲೆಯವರು ಮೊದಲು ಒಪ್ಪಿ, ಊಟದ ಹೊತ್ತಿಗೆ ಫೋನ್ ಮಾಡಿ ಬೇಡವೆಂದರು. ಸಮುದಾಯ ಭವನದವರು ಬೀಗದ ಕೈ ಇಟ್ಟುಕೊಂಡವರು ಊರಲ್ಲಿಲ್ಲ ಎಂದರು. ಸುದ್ದಿ ಅವಳಿಗಿಂತ ಮುಂದೆ ಓಡುತ್ತಿತ್ತು. ಸಭೆ ಇಲ್ಲವೆಂದು ಎಲ್ಲರಿಗೂ ತಿಳಿಸಿಬಿಡೋಣ ಎಂದು ಫೋನ್ ಕೈಗೆತ್ತಿಕೊಂಡಾಗ ಫಿರ್ದೌಸ್ ಅವರ ಕರೆ ಬಂತು.

ಫಿರ್ದೌಸ್ ದಾವಣಗೆರೆಯ ಹಳೇ ಊರಿನಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅದನ್ನು ಉಳಿಸಿಕೊಂಡವರು. ಮಂಡಕ್ಕಿ ಚೀಲದ ಲೇಬಲ್ಲುಗಳು ಶಾಂತಲಾಳ ಅಂಗಡಿಯಲ್ಲೇ ಪ್ರಿಂಟಾಗುತ್ತಿದ್ದವು. ಅವಳು ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು.

"ಭಾನುವಾರ ನಮ್ಮ ಭಟ್ಟಿಗೆ ರಜಾ. ಭತ್ತ ಒಣಗಿಸೋ ಅಂಗಳ ಐತೆ, ಅರ್ಧಕ್ಕೆ ಶೀಟೂ ಐತೆ. ಬರ್ರಿ."

"ಆಪಾ, ಅವರ ಸಿಟ್ಟು ನಿಮ್ಮ ಮ್ಯಾಲೂ ಬರ್ತೈತೆ."

"ನಾನೇನು ಅವರ ಹತ್ರ ಭತ್ತ ತಗೊಳ್ಳಲ್ಲ. ಬರ್ಲಿ ಬಿಡ್ರಿ."

ಭಾನುವಾರ ಬೆಳಿಗ್ಗೆ ಹಾಸಿದ ಜಮಖಾನೆಗಳೆಲ್ಲ ಖಾಲಿಯಿದ್ದವು. ಶಾಂತಲಾ ಗೇಟಿಗೂ ಗೋಡೆಗೂ ನಡುವೆ ಸುಮ್ಮನೆ ತಿರುಗಾಡಿದಳು. ಯಾರಾದರೂ ಬರಬಾರದೇ ಎಂದು ಒಮ್ಮೆ, ಯಾರೂ ಬರದಿದ್ದರೆ ಇದೆಲ್ಲ ಇಲ್ಲಿಗೇ ಮುಗಿಯುತ್ತದಲ್ಲ ಎಂದು ಒಮ್ಮೆ ಅನ್ನಿಸುತ್ತಿತ್ತು. ಕೊನೆಗೆ ಹರಿಹರದ ಬಸ್ಸು ತುಂಬಿಕೊಂಡೇ ಬಂತು. ಹಿಂದೆಯೇ ಭಟ್ಟಿ ಓಣಿಯ ಜನ, ಕಾಲೇಜಿನವರು, ಕರೂರಿನ ವರ್ಕ್‌ಶಾಪಿನವರು ಬಂದರು. ಮಹಾನಗರ ಪಾಲಿಕೆಯ ಎಂಜಿನಿಯರ್ ಮಹೇಂದ್ರ ಕೂಡ ಬಂದು, "ರಜೆ ದಿನ, ನನ್ನ ಪಾಡಿಗೆ ನಾನು ಬಂದೀನಿ" ಎಂದು ಹಿಂದೆ ಕೂತರು. ಹಾಳೆಗಳು ಗೋಡೆಗೆ ಏರಿದವು. ಹಳ್ಳದ ವಿಷಯವನ್ನು ಹರಿಹರದ ಹೆಂಗಸೊಬ್ಬಳು ಎಲ್ಲಕ್ಕಿಂತ ಮೊದಲೇ ಅಂಟಿಸಿದ್ದಳು.

ಆಗ ಪಕ್ಕದ ಓಣಿಯ ಮುದುಕಿ ತಿಪ್ಪಮ್ಮ ಸೆರಗಿನಿಂದ ಒಂದು ಹಾಳೆ ತೆಗೆದು ನಡುಗೋಡೆಗೆ ಅಂಟಿಸಿದಳು. ಅದರಲ್ಲಿ ಹೀಗೆ ಬರೆದಿತ್ತು: "ಭಟ್ಟಿ ಹೊಗೆ. ಮೊಮ್ಮಗಳಿಗೆ ಉಸಿರು ಕಟ್ಟುತ್ತದೆ."

ಪಾಲಿಕೆಯವರು ನೋಟಿಸು ಕೊಟ್ಟು ಭಟ್ಟಿಗಳನ್ನು ಊರಾಚೆ ಹಾಕುತ್ತಾರೆಂಬ ಮಾತು ಆಗಲೇ ಹಬ್ಬಿತ್ತು. ಅದನ್ನು ಕೇಳಿ ನಿದ್ದೆಗೆಟ್ಟಿದ್ದ, ಸಭೆಗೆ ಬಂದಿದ್ದ ಭಟ್ಟಿ ಕೆಲಸಗಾರರು ಒಬ್ಬೊಬ್ಬರಾಗಿ ಎದ್ದು ನಿಂತರು. ಫಿರ್ದೌಸ್ ಹಾಳೆ ಓದಿ ನೇರ ಶಾಂತಲಾಳ ಹತ್ತಿರ ಬಂದರು.

"ನನ್ನ ಗೋಡೆ ಮ್ಯಾಲೆ ಇದೇನಿದು? ತೆಗಿಸ್ರಿ."

ಬಕ್ಕೇಶಪ್ಪನವರಿಗೆ ಆಗಲ್ಲ ಎನ್ನುವಾಗ ಶಾಂತಲಾಳಲ್ಲಿ ಸಿಟ್ಟಿತ್ತು, ಆ ಸಿಟ್ಟು ಕೈ ಹಿಡಿದಿತ್ತು. ಈ ಹೆಂಗಸಿನ ಮೇಲೆ ಸಿಟ್ಟೂ ಇರಲಿಲ್ಲ.

"ತೆಗೆಯೋಕೆ ಆಗಲ್ಲ ಆಪಾ."

"ಅವರು ನಿಮ್ಮನ್ನ ಹೊರಗೆ ಹಾಕಿದ್ರು. ನಾನು ಒಳಗೆ ಕರ್ದೆ."

"ಹೌದ್ರಿ."

"ನಾನೂ ಹೊರಗೆ ಹಾಕಬಹುದು."

"ಹಾಕಬಹುದು. ಅಂಗಳ ನಿಮ್ದು. ಎಲ್ಲರನ್ನೂ ಕರ್ಕೊಂಡು ರಸ್ತೆಗೆ ಹೋಗ್ತೀನಿ. ಆದ್ರೆ ಅದನ್ನ ಮಾತ್ರ ಕೀಳಲ್ಲ."

ಅಷ್ಟರಲ್ಲಿ ಒಬ್ಬ ಕೆಲಸಗಾರ ಗೋಡೆಗೆ ಕೈ ಹಾಕಿದ. ಹರಿಹರದ ಗಂಡಸರಿಬ್ಬರು ಅವನತ್ತ ನುಗ್ಗಿದರು. ಇನ್ನೊಂದು ಕ್ಷಣವಾಗಿದ್ದರೆ ಹೊಡೆದಾಟವೇ ಆಗುತ್ತಿತ್ತು.

"ಮುಟ್ಟಬ್ಯಾಡ" ಎಂದರು ಫಿರ್ದೌಸ್. ಕೆಲಸಗಾರ ಕೈ ಹಿಂದೆಗೆದ. ಅವರು ಹೋಗಿ ಆ ಹಾಳೆಯ ಕೆಳಗೆ ತಿಪ್ಪಮ್ಮನ ಎದುರಿಗೇ ಕೂತರು. "ಹೇಳಮ್ಮ. ನನ್ನ ಮುಂದೇನೇ ಹೇಳು."

ತಿಪ್ಪಮ್ಮ ಹೆದರಲಿಲ್ಲ. "ಭಟ್ಟಿ ಮುಚ್ರಿ ಅಂತ ನಾನೆಲ್ಲಿ ಅಂದೆ? ನಾನೂ ಭಟ್ಟಿ ಮುಂದೆ ಕೂತು ಮಕ್ಕಳನ್ನ ಸಾಕಿದಾಕೆ. ಟೈರು ಸುಡಬ್ಯಾಡ್ರಿ ಅಂತೀನಿ."

"ನಾವು ಹೊಟ್ಟು ಬಿಟ್ಟು ಬ್ಯಾರೆ ಏನೂ ಸುಡಲ್ಲ. ಟೈರು ಬ್ಯಾರೆ ಭಟ್ಟಿಯೋರದ್ದು."

ಹಾಳೆ ಕೀಳಲು ಹೋಗಿದ್ದ ಕೆಲಸಗಾರನೇ ತಲೆ ತಗ್ಗಿಸಿ ಹೇಳಿದ: "ಮಳೆಗಾಲದಾಗ ಹೊಟ್ಟು ಹಸಿ ಆಗಿರ್ತೈತೆ ಅಮ್ಮಾರೆ. ಬೆಂಕಿ ಹತ್ತಲ್ಲ. ಆಗ ಒಂದೊಂದು ತುಂಡು ಹಾಕೀವಿ."

ಫಿರ್ದೌಸ್ ಅವನನ್ನೇ ನೋಡುತ್ತ ಕೂತರು. ದೂರದಿಂದ ನೋಡುತ್ತಿದ್ದ ಶಾಂತಲಾಗೆ, ತನ್ನ ಸಭೆ ಈ ಹೆಂಗಸಿನ ಮಾನವನ್ನು ಜನರ ಮುಂದೆ ಕಳೆಯಿತಲ್ಲ ಎಂದು ಸಂಕಟವಾಯಿತು.

ಮಧ್ಯಾಹ್ನದ ಊಟಕ್ಕೂ ಆ ಗುಂಪು ಏಳಲಿಲ್ಲ. ಜಗಳವಾಯಿತು, ಕೂಗಾಟವಾಯಿತು. ಇಡೀ ಓಣಿಗೆ ಒಂದೇ ಒಣ ಶೆಡ್ಡು ಇದ್ದರೆ ಹೊಟ್ಟು ನೆನೆಯುವುದಿಲ್ಲ ಎಂಬ ಮಾತನ್ನು ಯಾರು ಮೊದಲು ಆಡಿದರೋ, ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ವರ್ಕ್‌ಶಾಪಿನವರು ಎತ್ತರದ ಚಿಮಣಿ ಒಂದನ್ನು ಮಾಡಿ ನೋಡುತ್ತೇವೆ ಎಂದರು. ಮಹೇಂದ್ರ ಕೊನೆಗೆ ಹೇಳಿದರು: "ನೋಟಿಸು ನಿಲ್ಲಿಸೋ ಅಧಿಕಾರ ನಂಗಿಲ್ಲ. ಶೆಡ್ಡಿಗೆ ಪಾಲಿಕೆ ಖಾಲಿ ಜಾಗ ಕೇಳಿ ಬರೀತೀನಿ. ಅಷ್ಟೇ ನನ್ನ ಕೈಲಾಗೋದು."

ಸಂಜೆ ಎಲ್ಲರೂ ಹೋದ ಮೇಲೆ ಫಿರ್ದೌಸ್ ಗೇಟು ಹಾಕಿಕೊಂಡರು. ಶಾಂತಲಾಗೆ ಹೋಗಿ ಬರ್ರಿ ಎಂದೂ ಹೇಳಲಿಲ್ಲ.

ಬಕ್ಕೇಶಪ್ಪನವರ ಕೆಲಸ ನಿಂತೇ ಹೋಯಿತು. ಮಷಿನ್ ಹುಡುಗರಲ್ಲಿ ಒಬ್ಬನನ್ನು ಬಿಡಿಸಬೇಕಾಯಿತು, ಅದು ಶಾಂತಲಾಗೆ ಇವತ್ತಿಗೂ ಚುಚ್ಚುತ್ತದೆ. ವಿಜಯಕುಮಾರ್ ಕರೂರಿನ ಕಾರ್ಖಾನೆಗಳಿಗೆ ಸ್ಟಿಕ್ಕರ್ ಮಾಡಿಕೊಡುವ ಕೆಲಸ ಹಿಡಿದ. ನೀನು ಮಾಡಿದ್ದು ಸರಿ ಎಂದು ಅವನು ಒಮ್ಮೆಯೂ ಹೇಳಿಲ್ಲ, ತಪ್ಪು ಎನ್ನುವುದನ್ನು ನಿಲ್ಲಿಸಿದ್ದಾನೆ. ಹಳ್ಳದ ಅಳತೆಗೆ ಸರ್ವೆಯವರು ಬಂದು ಹೋದರು, ವರದಿ ಇನ್ನೂ ಬಂದಿಲ್ಲ. ಹೊಟ್ಟಿನ ಶೆಡ್ಡು ಮಾತ್ರ ಮಳೆಗೆ ಮೊದಲೇ ಎದ್ದಿತು. ತಿಪ್ಪಮ್ಮನ ಮೊಮ್ಮಗಳು ಈ ಮಳೆಗಾಲದಲ್ಲಿ ಹೆಚ್ಚು ದಿನ ಶಾಲೆಗೆ ಹೋದಳು.

ಎರಡನೇ ಸಭೆ ಹರಿಹರದ ಒಂದು ಹಳೆಯ ಗೋದಾಮಿನಲ್ಲಿ ನಡೆಯಿತು. ಆ ಜಾಗಕ್ಕೆ ಜನರೇ ಅಷ್ಟಷ್ಟು ಸೇರಿಸಿ ಬಾಡಿಗೆ ಕೊಟ್ಟಿದ್ದರು. ಶುರುವಾಗಿ ಸ್ವಲ್ಪ ಹೊತ್ತಿನ ಮೇಲೆ ಫಿರ್ದೌಸ್ ಬಸ್ಸಿಳಿದು ಒಳಗೆ ಬಂದರು. ಕಂದಾಯದ ಹಾಳೆಯ ಕೆಳಗೆ ಕೂತು ಜೋರಾಗಿಯೇ ವಾದ ಮಾಡಿದರು. ಶಾಂತಲಾ ಚಹಾ ಕೊಟ್ಟಾಗ ತೆಗೆದುಕೊಂಡರು.

"ಸಿಟ್ಟು ಇನ್ನೂ ಐತೆ" ಎಂದರು.

"ಗೊತ್ತು ಆಪಾ."

"ಕೂಡ್ರಿ ಇಲ್ಲೇ. ನಿಂತ್ಕೊಂಡ್ರೆ ಹಿಂದಿನೋರಿಗೆ ಕಾಣಲ್ಲ."

ಶಾಂತಲಾ ಅವರ ಪಕ್ಕ ಜಾಗ ಮಾಡಿಕೊಂಡು ಕೂತಳು.