ಆರನೇ ಮಹಡಿಯ ಕಾಯಂ ಸೀಟು

ಇನ್ನು ಮುಂದೆ ಆಫೀಸಿನಲ್ಲಿ ಯಾರಿಗೂ ಸ್ವಂತ ಮೇಜು ಇರುವುದಿಲ್ಲ ಎಂದು ತಿಳಿಸಿದ ದಿನ ನನಗೆ ಬೇಸರವೇನೂ ಆಗಲಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡಬಹುದು ಎಂದಿದ್ದರು. ಕೋಗಿಲಿನಿಂದ ಹೆಬ್ಬಾಳದವರೆಗೆ ಬಸ್ಸಿನಲ್ಲಿ ನಿಂತು ಬರುವವಳಿಗೆ ಅಷ್ಟೇ ಸಾಕಿತ್ತು.

ಕಷ್ಟವಾದದ್ದು ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದ ಗೆಳತಿಗೆ. ಗದಗಿನ ಕಡೆಯವರು, ಮನೆ ಗಂಗಾನಗರದಲ್ಲಿ. ಸೊಂಟದ ಡಿಸ್ಕ್ ಜರುಗಿದ್ದರಿಂದ ಕುರ್ಚಿಯ ಎತ್ತರ, ಒರಗು ಎಲ್ಲವನ್ನೂ ತಮಗೆ ತಕ್ಕ ಹಾಗೆ ಹೊಂದಿಸಿಕೊಂಡಿದ್ದರು. ಈಗ ಬೆಳಿಗ್ಗೆ ಏಳಕ್ಕೆ ಫೋನಿನ ಆ್ಯಪ್‌ನಲ್ಲಿ ಸೀಟು ಬುಕ್ ಮಾಡಬೇಕು. ಆ ಹೊತ್ತಿನಲ್ಲಿ ಅವರು ರೊಟ್ಟಿ ಬಡಿಯುತ್ತಿರುತ್ತಿದ್ದರು. ಕೊನೆಗೆ ಸಿಗುತ್ತಿದ್ದುದು ಎಸಿಯ ಕೆಳಗಿನ, ಹ್ಯಾಂಡಲ್ ಸಡಿಲವಾದ ಕುರ್ಚಿ. ಸಂಜೆ ಲಿಫ್ಟಿನವರೆಗೆ ಗೋಡೆ ಹಿಡಿದು ನಡೆಯುತ್ತಿದ್ದರು. ನೋಡಲಾರದೆ ಅವರ ಪಾಸ್‌ವರ್ಡ್ ಕೇಳಿ ಪಡೆದು, ನಾನೇ ದಿನಾ ಎರಡು ಸೀಟು ಬುಕ್ ಮಾಡತೊಡಗಿದೆ.

ಒಂದು ದಿನ ನೋವು ಹೆಚ್ಚಾಗಿ ಅವರು ಬರಲಿಲ್ಲ. ಬುಕ್ ಆದ ಸೀಟು ಖಾಲಿ ಬಿದ್ದದ್ದನ್ನೂ, ಅದು ನನ್ನ ಫೋನಿನಿಂದ ಬುಕ್ ಆಗಿದ್ದದ್ದನ್ನೂ ಕಂಡು ಅಡ್ಮಿನ್‌ನವರು ನನ್ನ ಹತ್ತಿರ ಬಂದರು.

“ಏನ್ ಮೇಡಂ, ಬೇರೆಯವ್ರಿಗೆ ಸೀಟ್ ಹಿಡಿದಿಡೋಕೆ ಇದೇನ್ ಬಸ್ಸಾ, ಟವೆಲ್ ಹಾಕೋದಕ್ಕೆ?”

“ಅವ್ರಿಗೆ ಸೊಂಟನೋವು ಕಣ್ರೀ. ಸಿಕ್ ಸಿಕ್ಕಿದ್ ಕುರ್ಚೀಲಿ ಕೂರೋಕಾಗಲ್ಲ.”

“ಹಂಗಿದ್ರೆ ಡಾಕ್ಟರ್ ಸರ್ಟಿಫಿಕೇಟ್ ತರೋಕ್ ಹೇಳಿ. ಕಾಯಂ ಸೀಟ್ ಕೊಡ್ಸೋಣ.”

ಸರ್ಟಿಫಿಕೇಟು ತರಲು ಗೆಳತಿಗೆ ಮನಸ್ಸಿರಲಿಲ್ಲ. ನಾನೇ ಬೆನ್ನುಬಿದ್ದು ತರಿಸಿದೆ. ಮೂರು ವಾರದ ಮೇಲೆ ಸೀಟು ಸಿಕ್ಕಿತು. ನಾವೆಲ್ಲ ಮೂರನೇ ಮಹಡಿಯಲ್ಲಿ, ಅವರದು ಆರನೇ ಮಹಡಿಯ ಮೂಲೆ. ಬೇರೆಲ್ಲೂ ಜಾಗವಿಲ್ಲ ಎಂದರು.

ಮಧ್ಯಾಹ್ನ ಬುತ್ತಿ ಹಿಡಿದು ಮೇಲೆ ಹೋದೆ. ಒಳ್ಳೆಯ ಕುರ್ಚಿ, ಕಿಟಕಿಯ ಬೆಳಕೂ ಇತ್ತು.

“ಹೇಗಿದೆ ಹೊಸ ಜಾಗ?” ಎಂದೆ.

“ಸೊಂಟ ಆರಾಮದ ನೋಡ್ರಿ. ಆದ್ರ ಮುಂಜಾನಿಂದ ಯಾರ ಜೋಡೀನೂ ಒಂದ್ ಮಾತಾಡಿಲ್ಲ. ಬಾಜೂಕ ದಿನಾ ಹೊಸಾ ಮಂದಿ.”

“ಮತ್ತೆ ಕೆಳಗೆ ಬಂದ್ಬಿಡ್ತೀರಾ?”

“ಬ್ಯಾಡ್ರಿ. ಆ ನೋವು ಮತ್ತ ತಡ್ಯಾಕ ಆಗೂದಿಲ್ಲ.”

ಸರ್ಟಿಫಿಕೇಟಿಗಾಗಿ ಪೀಡಿಸಿದವಳು ನಾನೇ. ಅರ್ಧ ಉಳಿದ ಬುತ್ತಿಗೆ ಮುಚ್ಚಳ ಹಾಕಿದೆ.

ಆಮೇಲೆ ಅವರಿಗೂ ನನಗೂ ಆಫೀಸಿಗೆ ಬರುವ ದಿನಗಳು ಬೇರೆಯಾದವು. ಈಗ ಬುಧವಾರ ಮಾತ್ರ ಸಿಗುತ್ತೇವೆ. ಹೋದ ವಾರ ಎಲ್ಲರಿಗೂ ಒಂದು ಫಾರ್ಮ್ ಬಂದಿತ್ತು: ಕುರ್ಚಿ, ಬೆಳಕು, ಗಾಳಿ ತೃಪ್ತಿಕರವೇ ಎಂದು. ಬುಧವಾರ ಆರನೇ ಮಹಡಿಯಲ್ಲಿ ಊಟಕ್ಕೆ ಕೂತಾಗ ಅವರು ನನ್ನೆದುರೇ ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿದರು.

“ಎಲ್ಲಾನೂ?” ಎಂದೆ.

“ಕೇಳಿದ್ದಕ್ಕ ಖರೇನ ಹೇಳೀನಲ್ರಿ,” ಎಂದು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ಊಟ ಮುಗಿಸಿ, ಕೈ ತೊಳೆದು, ನಾನು ಮೂರನೇ ಮಹಡಿಗೆ ಇಳಿಯಲು ಲಿಫ್ಟಿಗೆ ಕಾಯುತ್ತ ನಿಂತೆ.