ಮುಟ್ಟಿ ನಿಲ್ಲಿಸುವ ಕೆಲಸ

ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಯಾರು ಅಂತ ಕೇಳಿ, ನಾಲ್ಕು ಜನ ತಲೆ ಕೆರೆದುಕೊಳ್ಳುತ್ತಾರೆ. ಎಕ್ಸ್‌ರೇ ಅಕ್ಕ ಎಲ್ಲಿ ಅಂತ ಕೇಳಿ, ಗೇಟಿನ ಕಾವಲುಗಾರನೇ ಕರೆದುಕೊಂಡು ಬಂದು ಬಿಡುತ್ತಾನೆ. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಜೋರು ಬಾಯಿ.

ಅಕ್ಕನ ಅಮ್ಮ ಇದೇ ಆಸ್ಪತ್ರೆಯ ನೆಲ ಒರೆಸಿದವರು. ಬಕೆಟ್ಟು ಹಿಡಿದು ಅವರ ಹಿಂದೆ ಓಡಾಡಿದ ಹುಡುಗಿ ಹೊಟ್ಟೆ ಬಟ್ಟೆ ಕಟ್ಟಿ ಓದಿ ಬಿಳಿ ಕೋಟು ಹಾಕಿಕೊಂಡಳು. ಹತ್ತಿದ ಏಣಿಯನ್ನು ಮಾತ್ರ ಒದೆಯಲಿಲ್ಲ, ಅದೇ ದೊಡ್ಡ ಮಾತು ನೋಡಿ! ಕಸ ಗುಡಿಸುವವರ ಮನೆಯ ಮಕ್ಕಳನ್ನು ಹುಡುಕಿ, ಬೈದು, ಅರ್ಜಿ ತುಂಬಿಸಿ, ತರಬೇತಿಗೆ ಸೇರಿಸುತ್ತಾಳೆ. ಅಂಥ ಒಂಬತ್ತು ಮಂದಿ ಈಗ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೆಲಸದಲ್ಲಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ನಾಲ್ಕು ಸಲ ಸನ್ಮಾನ ಮಾಡಿಸಿಕೊಳ್ಳುತ್ತಿದ್ದರು.

ಹತ್ತನೆಯವಳು ಎರಡನೇ ಮಹಡಿಯ ಕಕ್ಕಸು ತೊಳೆಯುವಾಕೆಯ ಮಗಳು. ಓದಿನಲ್ಲಿ ಎಲ್ಲರಿಗಿಂತ ಮುಂದು. ಆದರೆ ಎದೆಯ ಎಕ್ಸ್‌ರೇ ತೆಗೆದಳೋ, ಚಿತ್ರದಲ್ಲಿ ರೋಗಿಯ ಹೆಗಲ ಮೂಳೆ ಬಂದು ಶ್ವಾಸಕೋಶದ ಮೇಲೆ ಕೂತುಬಿಡುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಮೂರನೇ ಸಲವೂ ಹೋದರೆ ಹೆಸರು ತೆಗೆದು ಮನೆಗೆ ಕಳಿಸುತ್ತಾರೆ. "ಬಿಡಿ ಅಕ್ಕ, ಎಲ್ಲ ಕೆಲಸ ಎಲ್ಲರ ಕೈಲೂ ಆಗಲ್ಲ" ಎಂದರು ತರಬೇತಿಯ ಮುಖ್ಯಸ್ಥರು. ಅಕ್ಕನಿಗೆ ಪಿತ್ತ ನೆತ್ತಿಗೇರಿತು.

ಮರುದಿನ ಮೂಲೆಯಲ್ಲಿ ನಿಂತು ನೋಡಿದಳು. ಹುಡುಗಿ ರೋಗಿಯಿಂದ ಮಾರುದೂರ ನಿಂತು "ಗದ್ದ ಎತ್ತಿ, ಹೆಗಲು ಮುಂದೆ ತನ್ನಿ" ಎನ್ನುತ್ತಿದ್ದಳು. ಪಾಪ, ರೋಗಿ ತನಗೆ ತೋಚಿದಂತೆ ನಿಂತಿದ್ದ. ಹೆಗಲಿಗೆ ಕೈ ಕೊಟ್ಟು ಮುಂದಕ್ಕೆ ಒತ್ತಿದರೆ ತಾನೇ ಮೂಳೆ ಪಕ್ಕಕ್ಕೆ ಸರಿಯೋದು? ಹುಡುಗಿ ಮುಟ್ಟುತ್ತಲೇ ಇರಲಿಲ್ಲ. ಅಕ್ಕನಿಗೆ ಕಾರಣ ಹೊಳೆಯಿತು. ಅಮ್ಮನ ಜೊತೆ ವಾರ್ಡಿಗೆ ಬರುವ ಮಗುವಿಗೆ ಎಲ್ಲರೂ ಹೇಳುವುದು ಒಂದೇ: ಹಾಸಿಗೆ ಮುಟ್ಟಬೇಡ, ರೋಗಿಯನ್ನು ಮುಟ್ಟಬೇಡ, ಗೋಡೆ ಪಕ್ಕ ನಿಲ್ಲು. ಮೊದಲ ವರ್ಷ ತನ್ನ ಕೈಯೂ ಹಾಗೇ ಹಿಂಜರಿದದ್ದು ಅಕ್ಕನಿಗೆ ನೆನಪಿತ್ತು.

ಮಧ್ಯಾಹ್ನ ಕೋಣೆ ಖಾಲಿಯಾದಾಗ ತಾನೇ ಯಂತ್ರದ ಮುಂದೆ ನಿಂತಳು. "ಬಾ, ನನ್ನನ್ನ ಸರಿಯಾಗಿ ನಿಲ್ಲಿಸು."

"ಅಯ್ಯೋ, ನಿಮ್ಮನ್ನ ಹೇಗಕ್ಕಾ..."

"ನಾನೇನು ಕೆಂಡನಾ? ಮುಟ್ಟೇ!"

ಹುಡುಗಿ ಬೆರಳ ತುದಿ ಇಟ್ಟಳು. "ಅದೇನು ಇರುವೆ ಹರಿದ ಹಾಗೆ? ಅಂಗೈ ಇಡು, ಒತ್ತು!"

ಹದಿನೈದು ದಿನ ಇದೇ ಪಾಠ. ಹುಡುಗಿ ಒಂದು ದಿನ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಬೈಯಲಿಲ್ಲ, ಪಕ್ಕದಲ್ಲಿ ಕೂತು ತಾನೂ ಕಣ್ಣೊರೆಸಿಕೊಂಡಳು.

ಪರೀಕ್ಷೆಯ ದಿನ ರೋಗಿಯಾಗಿ ಬಂದವರು ಆಸ್ಪತ್ರೆಯ ನಿವೃತ್ತ ಗುಮಾಸ್ತರು. ಹೊರಗಿನ ಪರೀಕ್ಷಕರು ಹಾಳೆ ಹಿಡಿದು ಕೂತಿದ್ದರು. ಅಕ್ಕ ಗಾಜಿನ ಹಿಂದೆ ಇದ್ದಳು, ತುಟಿ ಬಿಚ್ಚುವಂತಿರಲಿಲ್ಲ. ಹುಡುಗಿ ಹೆಗಲಿಗೆ ಕೈ ಇಟ್ಟಳು. ಗುಮಾಸ್ತರು ತಿರುಗಿ ನೋಡಿ ಹೆಗಲು ಕೊಸರಿಕೊಂಡರು.

"ಏಯ್, ನೀನು ಕಕ್ಕಸು ತೊಳೆಯೋಳ ಮಗಳಲ್ವಾ?"

ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಇಳಿಸಬೇಡವೇ ತಾಯಿ, ಇಳಿಸಬೇಡ ಎಂದು ಅಕ್ಕ ಒಳಗೊಳಗೇ ಬೇಡಿಕೊಂಡಳು.

ಹುಡುಗಿ ಎರಡೂ ಅಂಗೈಯನ್ನು ಆ ಹೆಗಲುಗಳ ಮೇಲಿಟ್ಟು ಮುಂದಕ್ಕೆ ಒತ್ತಿದಳು.

"ಹೌದು ಸಾರ್, ಅವರ ಮಗಳೇ. ಹೀಗೇ ನಿಂತಿರಿ. ಹೇಳಿದಾಗ ಉಸಿರು ಬಿಗಿ ಹಿಡೀರಿ."

ಪರದೆಯ ಮೇಲೆ ಎರಡೂ ಶ್ವಾಸಕೋಶ ಚೊಕ್ಕವಾಗಿ ಮೂಡಿದವು. ಪರೀಕ್ಷಕರು ಪಾಸು ಎಂದು ಬರೆದರು. ಅಕ್ಕ ಎರಡೆರಡು ಮೆಟ್ಟಿಲು ಹಾರಿ ಎರಡನೇ ಮಹಡಿಗೆ ಓಡಿದಳು. ನಡೆದದ್ದೆಲ್ಲ ಕೇಳಿ ಹುಡುಗಿಯ ತಾಯಿ ಪೊರಕೆ ಗೋಡೆಗೊರಗಿಸಿದಳು. ಪಾಸಿನ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ, ಕೇಳಿದ್ದು ಇಷ್ಟೇ: "ಆ ಸಾಹೇಬರು ಮುಟ್ಟಿಸಿಕೊಂಡರಾ ಅಕ್ಕಾ?"

"ಮುಟ್ಟಿಸಿಕೊಂಡದ್ದಷ್ಟೇ ಅಲ್ಲ ಕಣೇ" ಎಂದಳು ಅಕ್ಕ. "ನಿನ್ನ ಮಗಳು ಉಸಿರು ಹಿಡೀರಿ ಅಂದಳು, ಹಿಡಿದರು!"